ಕಣ್ಣಿಗೆ ಮೀಸಲಿಟ್ಟ ನೀರು

ಸಂಶೋಧನೆಯ ಪ್ರೋಟೋಕಾಲಿನ ಹನ್ನೊಂದನೆಯ ಪುಟದಲ್ಲಿ ಒಂದು ಸಾಲಿತ್ತು: ತರಬೇತಿ ಕೊಟ್ಟ ಪ್ರತಿ ಹಳ್ಳಿಯಲ್ಲೂ ಕಣ್ಣು ತೊಳೆಯುವುದಕ್ಕೆಂದೇ ಬೇರೆಯಾಗಿ, ಮುಚ್ಚಿಟ್ಟ ಶುದ್ಧ ನೀರು ಇರತಕ್ಕದ್ದು. ಅಷ್ಟೇ. ಎಂಥ ಪಾತ್ರೆಯಲ್ಲಿ ಎಂದು ಬರೆದಿರಲಿಲ್ಲ. ಬರೆದವರಿಗೆ ಅದು ಹೊಳೆದಿರಲಿಲ್ಲ. ಎರಡು ಸಲ ಓದಿ ಮಾರ್ಜಿನ್ನಿನಲ್ಲಿ ಟಿಕ್ ಹಾಕಿದ ನನಗೂ ಹೊಳೆಯಲಿಲ್ಲ.

ಆ ಪುಟಗಳನ್ನು ಬರೆದವನು ನನ್ನ ಹಳೆಯ ವಿದ್ಯಾರ್ಥಿ, ಈಗ ದೂರದ ಊರಿನಲ್ಲಿ ಹೆಸರು ಮಾಡಿದ ಸಂಶೋಧಕ. ನಾನು ಹುಮನಾಬಾದಿನಲ್ಲಿ ಕಣ್ಣಿನ ದವಾಖಾನೆಯ ಬಾಗಿಲು ಹಾಕಿ, ಎರಡು ವರ್ಷದಿಂದ ಗುಲಾಬಿ ಗಿಡ ಕತ್ತರಿಸಿಕೊಂಡು ಕೂತಿದ್ದೆ. "ಮ್ಯಾಮ್, ಫೀಲ್ಡ್ ನೋಡಿಕೊಳ್ಳೋಕೆ ನಿಮ್ಮಷ್ಟು ಮೆಟಿಕ್ಯುಲಸ್ ಆದವರು ಯಾರೂ ಸಿಗ್ತಿಲ್ಲ" ಎಂದು ಫೋನ್ ಮಾಡಿದ. ಹೊಗಳಿಕೆಗೆ ನಾನು ಮೊದಲಿನಿಂದಲೂ ವೀಕ್. ಒಪ್ಪಿಕೊಂಡೆ.

ಅವನ ಪ್ರಶ್ನೆ ಸರಳವಾಗಿತ್ತು. ಹೊಲದಲ್ಲಿ ಔಷಧಿ ಕಲಸುವಾಗ ಕೀಟನಾಶಕ ಕಣ್ಣಿಗೆ ಸಿಡಿಯುತ್ತದೆ. ಕಣ್ಣಿನ ಮೇಲ್ಪದರ ಸುಡುತ್ತದೆ. ಕಣ್ಣು, ಚರ್ಮ, ಉಸಿರು ಎಲ್ಲ ಕಡೆಯಿಂದ ಒಳಗಿಳಿದ ವಿಷ ನರಗಳನ್ನೂ ಮಿದುಳನ್ನೂ ಮುಟ್ಟುತ್ತದೆ. ಪಾಪೆ ಸಾಸಿವೆಯಷ್ಟಾಗುತ್ತದೆ, ಕೈ ನಡುಗುತ್ತದೆ, ಮರೆವು ಬರುತ್ತದೆ. ಸಿಡಿದ ಜಾಗದಲ್ಲೇ, ಆಸ್ಪತ್ರೆಗೆ ಓಡುವ ಮೊದಲೇ, ಅರ್ಧ ತಾಸು ತೊಳೆದರೆ ಕಣ್ಣು ಎಷ್ಟು ಉಳಿಯುತ್ತದೆ, ಮಿದುಳು ಎಷ್ಟು ಉಳಿಯುತ್ತದೆ? ಕೆಲವು ಹಳ್ಳಿಗಳಿಗೆ ನೀರು ಇಟ್ಟು ತೊಳೆಯುವುದನ್ನು ಕಲಿಸುವುದು, ಕೆಲವು ಹಳ್ಳಿಗಳನ್ನು ಎಂದಿನಂತೆ ಬಿಡುವುದು, ಕೊನೆಗೆ ಎರಡನ್ನೂ ಹೋಲಿಸುವುದು. ಬಸವಕಲ್ಯಾಣದಲ್ಲಿ ಆಸ್ಪತ್ರೆಯ ಹತ್ತಿರ ಒಂದು ಬಾಡಿಗೆ ಕೋಣೆ, ಕಣ್ಣು ಪರೀಕ್ಷಿಸುವ ಒಂದು ಸ್ಲಿಟ್ ಲ್ಯಾಂಪ್, ಒಬ್ಬ ಸಿಸ್ಟರ್, ನಾನು. ದಿನಾ ಬೆಳಿಗ್ಗೆ ಹುಮನಾಬಾದಿನಿಂದ ಬಸ್ಸು ಹಿಡಿದು ಬರುತ್ತಿದ್ದೆ.

ನೀರಿಗೆಂದು ಆಮೇಲೆ ಆರ್ಡರ್ ಮಾಡಿದ್ದ ಸ್ಟೀಲ್ ಟ್ಯಾಂಕುಗಳು ಬರಬೇಕಿತ್ತು. ಫೈಲು ಎಲ್ಲೋ ಸಿಕ್ಕಿಕೊಂಡಿತ್ತು. ಮಳೆ ಶುರುವಾಗಿತ್ತು, ಸಿಂಪಡಣೆಯ ದಿನಗಳು ಹತ್ತಿರ ಬರುತ್ತಿದ್ದವು. ಕಾಯುವುದು ನನ್ನ ಜಾಯಮಾನವಲ್ಲ. ಹುಮನಾಬಾದಿನಲ್ಲಿ ಹೆದ್ದಾರಿಯ ಬದಿಗೆ ಹಳೆಯ ನೀಲಿ ಪ್ಲಾಸ್ಟಿಕ್ ಡ್ರಮ್ಮು ಮಾರುವ ಅಂಗಡಿಯಿದೆ. ಈ ಕಡೆ ಡ್ರಮ್ಮಿಲ್ಲದ ಅಂಗಳವೇ ಇಲ್ಲ, ನಳ ಬಂದ ದಿನ ತುಂಬಿಟ್ಟುಕೊಳ್ಳಬೇಕಲ್ಲ. ಅಂಗಡಿಯವನು ಒಂದನ್ನು ಉರುಳಿಸಿ ನನ್ನ ಮುಂದೆ ನಿಲ್ಲಿಸಿದ.

"ಎರಡ ಸಲ ತೊಳ್ಸೀನಿ ಅಮ್ಮಾ. ಏಕದಂ ಸಾಫ್. ಮೂಗ ಇಟ್ಟ ನೋಡ್ರಿ, ವಾಸನಿ ಅದ ಏನು?"

ಮೂಗಿಟ್ಟು ನೋಡಿದೆ. ವಾಸನೆ ಇರಲಿಲ್ಲ. ನಾಲ್ಕು ಡ್ರಮ್ಮು ತೆಗೆದುಕೊಂಡೆ. ಮನೆಯ ಪೋರ್ಟಿಕೋದಲ್ಲಿ ಕೂತು ಬಿಳಿ ಪೇಂಟಿನಲ್ಲಿ, ಕಾನ್ವೆಂಟಿನ ಕಾಪಿ ಪುಸ್ತಕದ ಶಿಸ್ತಿನಲ್ಲಿ, ಪ್ರತಿಯೊಂದರ ಮೇಲೂ ಬರೆದೆ: ಕಣ್ಣಿಗೆ ಮಾತ್ರ.

ಸಿಸ್ಟರ್ ನಕ್ಕಳು. "ಬಾಯಾರ, ನಿಮ್ಮ ಅಕ್ಷರ ನೋಡಿ ಡ್ರಮ್ಮೂ ಸೆಟದ ನಿಂತದ ನೋಡ್ರಿ. ಇನ್ನ ಮಂದಿ ಮುಟ್ತಾರೇನು?"

ಮುಟ್ಟಲಿಲ್ಲ. ಅದೇ ಆದದ್ದು.

ನಾಲ್ಕನೆಯ ಡ್ರಮ್ಮು ಹೋದದ್ದು ಮುಡಬಿಯ ಕಡೆಯ ಒಂದು ಸಣ್ಣ ಹಳ್ಳಿಗೆ. ತರಬೇತಿಯ ದಿನ ಹೆಂಗಸರೇ ಹೆಚ್ಚು ಬಂದಿದ್ದರು. ಸಿಂಪಡಿಸುವವರು ಗಂಡಸರಾದರೂ ನೀರು ಹೊತ್ತು ಔಷಧಿ ಕಲಸುವವರು ಇವರು. ಅರ್ಧ ತಾಸು ಎಂದಾಗ ಒಬ್ಬಾಕೆ ಎದ್ದು ಕೇಳಿದಳು. "ಕಣ್ಣ ಮುಚ್ಚಿ ನೀರ ಹೊಯ್ಕೊಂಡ ಕುಂತಾಗ ಗಡಿಯಾರ ಹ್ಯಾಂಗ ನೋಡ್ಲಿರಿ?" ಪ್ರೋಟೋಕಾಲಿನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವರೇ ಹುಡುಕಿದರು. ಸೋಮವಾರದ ಭಜನೆಯಲ್ಲಿ ಹಾಡುವ ಒಂದು ಉದ್ದನೆಯ ಪದ. ಸಿಸ್ಟರ್ ಫೋನಿನಲ್ಲಿ ಅಳೆದು ನೋಡಿದಳು: ಕಾಲು ತಾಸಿಗೆ ತುಸು ಮೇಲೆ. ನೀರು ಹೊಯ್ಯುವವರು ಎರಡು ಸಲ ಹಾಡಿದರೆ ಅರ್ಧ ತಾಸು. ನಾನು ಇಂಪ್ರೆಸ್ ಆಗಿ ಅದನ್ನು ವರದಿಯಲ್ಲಿ ಬರೆದೆ. ಗಡಿಯಾರದ ಪ್ರಶ್ನೆ ಕೇಳಿದಾಕೆಯೇ ಆ ಭಜನೆಯಲ್ಲಿ ಮುಂದೆ ಹಾಡುವವಳು, ಊರಿಗೆಲ್ಲ ರವಕೆ ಹೊಲಿದು ಕೊಡುವವಳು ಎಂದು ಆಮೇಲೆ ತಿಳಿಯಿತು.

ತೊಗರಿ ಹೂ ಬಿಡುವ ಹೊತ್ತಿಗೆ ಕೇಸುಗಳು ಬರತೊಡಗಿದವು. ಪ್ರತಿಯೊಬ್ಬರಿಗೂ ಒಂದೇ ಕ್ರಮ. ಆಸ್ಪತ್ರೆಯ ಡಾಕ್ಟರು ಜೀವದ ಅಪಾಯ ನೋಡಿಕೊಳ್ಳುವಾಗಲೇ ಕೆಳರೆಪ್ಪೆಯ ಒಳಗೆ ಬಣ್ಣದ ಕಾಗದದ ಪಟ್ಟಿ ಮುಟ್ಟಿಸುವುದು. ಹಸಿರು ಹಳದಿ ಬಂದರೆ ಸರಿ, ನೀಲಿಗೆ ತಿರುಗಿದರೆ ಕ್ಷಾರ. ಆಮೇಲೆ ಕಿತ್ತಳೆ ಬಣ್ಣದ ಹನಿ ಹಾಕಿ ನೀಲಿ ದೀಪದಲ್ಲಿ ನೋಡುವುದು. ಪದರ ಸುಲಿದ ಜಾಗ ಹಸಿರಾಗಿ ಹೊಳೆಯುತ್ತದೆ. ಪಾಪೆಯ ಅಳತೆ. ರಕ್ತ. ಎರಡು ದಿನ ಕಳೆದು ಚೇತರಿಸಿಕೊಂಡ ಮೇಲೆ ಮಿದುಳಿನ ಪರೀಕ್ಷೆ: ಸ್ಟೀಲ್ ತಟ್ಟೆಯಲ್ಲಿ ಐದು ಸಾಮಾನು ತೋರಿಸಿ, ಮುಚ್ಚಿ, ಹತ್ತು ನಿಮಿಷದ ನಂತರ ಕೇಳುವುದು.

ಡ್ರಮ್ಮಿದ್ದ ಹಳ್ಳಿಗಳಿಂದ ಮೊದಲು ಬಂದ ಇಬ್ಬರ ಪಟ್ಟಿಯೂ ತುಸು ನೀಲಿಗೆ ತಿರುಗಿತು. ನನಗೆ ಆಶ್ಚರ್ಯವಾಯಿತು. ಅವರಿಗೆ ಸಿಡಿದ ಔಷಧಿ ಕ್ಷಾರವಲ್ಲ. ಮಳೆಗಾಲದ ತೇವಕ್ಕೆ ಪಟ್ಟಿ ಕೆಟ್ಟಿರಬೇಕೆಂದು ಹೊಸ ಡಬ್ಬಿ ತರಿಸಿದೆ. ಅವರ ಕಣ್ಣು ನಿಧಾನವಾಗಿ ಮಾಯುತ್ತಿತ್ತು. ಬೇರೆ ಹಳ್ಳಿಗಳಿಂದ ತೊಳೆಯದೆ ಬಂದವರದು ಮೂರೇ ದಿನಕ್ಕೆ ಮಾಯುತ್ತಿತ್ತು.

"ಇದೇನ್ರಿ ಬಾಯಾರ," ಸಿಸ್ಟರ್ ಹಾಳೆ ತಿರುವುತ್ತ ಅಂದಳು. "ನಮ್ಮ ಮಾತ ಕೇಳದವರ ಕಣ್ಣೇ ಬೇಷ್ ಅವ! ನಾಳಿಂದ ತೊಳೀಬ್ಯಾಡ್ರಿ ಅಂತ ಹೇಳೂಣೇನು?"

ಇಬ್ಬರೂ ನಕ್ಕೆವು. ಅವಳ ಜೋಕಿನಲ್ಲಿ ಇಡೀ ಉತ್ತರ ಇತ್ತು. ನನಗೆ ಕೇಳಿಸಲಿಲ್ಲ.

ಮೂರನೆಯವಳಾಗಿ ಬಂದವಳು ಆ ಹಾಡುವ ಹೆಣ್ಣುಮಗಳು. ಔಷಧಿ ಬಾಟಲಿಯ ಮುಚ್ಚಳ ಹಲ್ಲಿನಿಂದ ಕಿತ್ತಾಗ ಬಲಗಣ್ಣಿಗೆ ಸಿಡಿದಿತ್ತು. ಎಡಗಣ್ಣು ಚಿಕ್ಕಂದಿನಿಂದ ಲೇಜಿ ಐ, ಅದರಲ್ಲಿ ಆಕೆಗೆ ಬೆರಳು ಎಣಿಸುವಷ್ಟು ಮಾತ್ರ ಕಾಣುತ್ತಿತ್ತು. ಅಂದರೆ ಸೂಜಿಗೆ ದಾರ ಪೋಣಿಸುವ ಕಣ್ಣು ಇದೊಂದೇ. ಬೆವರು, ಜೊಲ್ಲು, ಸಾಸಿವೆಯಂಥ ಪಾಪೆ. ಪಟ್ಟಿ ಮುಟ್ಟಿಸಿದೆ. ಹೊಸ ಡಬ್ಬಿಯ ಪಟ್ಟಿ. ಸ್ಪಷ್ಟವಾಗಿ ನೀಲಿಯಾಯಿತು.

ಸಲೈನ್ ಹಾಕಿ ಹಾಕಿ ಪಟ್ಟಿ ಸರಿಬಣ್ಣಕ್ಕೆ ಬರುವವರೆಗೆ ತೊಳೆದೆವು. ಜೊತೆಯಲ್ಲಿ ಬಂದಿದ್ದ ಅತ್ತೆಯನ್ನು ಕೇಳಿದೆ: "ತೊಳೆದಿರಾ?"

"ತೊಳ್ದೀನ್ರಿ. ಎರಡ ಸಲ ಪದಾ ಹಾಡೀನ್ರಿ. ನಡಕ ಒಂದ ನುಡಿ ಮರ್ತಿದ್ದೆ, ಮತ್ತ ಮೊದಲಿಂದ ಹಾಡೀನ್ರಿ."

ಮಾತನಾಡುವಾಗ ಆಕೆಯ ಬಾಯಿ ಕೆಂಪಗಿತ್ತು. ಎಲೆ ಅಡಿಕೆ. ಬೆರಳ ತುದಿಯಲ್ಲಿ ಬಿಳಿ ಸುಣ್ಣದ ಗುರುತು. ನನಗೆ ಎಲ್ಲ ಅರ್ಥವಾದಂತಾಯಿತು. ಎಂಥ ತೃಪ್ತಿ ಅದು, ಒಗಟು ಬಿಡಿಸಿದ ತೃಪ್ತಿ! ಸುಣ್ಣದ ಕೈಯಿಂದ ರೆಪ್ಪೆ ಬಿಡಿಸಿ ನೀರು ಹಾಕಿದ್ದಾಳೆ. ಅರ್ಧ ತಾಸು ತೊಳೆದಿರಲಿಕ್ಕಿಲ್ಲ, ತೊಳೆದಿದ್ದರೆ ಸುಣ್ಣ ಉಳಿಯುತ್ತಿರಲಿಲ್ಲ. ಎಲ್ಲರೆದುರು ಆ ಮುದುಕಿಗೆ ಬೈದೆ. ಸುಣ್ಣ ಕಣ್ಣಿಗೆ ಏನು ಮಾಡುತ್ತದೆಂದು ಲೆಕ್ಚರ್ ಕೊಟ್ಟೆ. ಆಕೆ ಕೈ ಸೆರಗಿನಲ್ಲಿ ಮುಚ್ಚಿಕೊಂಡಳು. ಫಾರ್ಮಿನಲ್ಲಿ ನನ್ನ ಸುಂದರ ಇಂಗ್ಲಿಷಿನಲ್ಲಿ ಬರೆದೆ: ಪೂರ್ ಕಂಪ್ಲಯನ್ಸ್. ಲೈಮ್ ಫ್ರಮ್ ಅಟೆಂಡೆಂಟ್ಸ್ ಹ್ಯಾಂಡ್ಸ್. ಅಂದರೆ ಹೇಳಿದಂತೆ ಮಾಡಿಲ್ಲ, ಜೊತೆಗಿದ್ದವಳ ಕೈಯ ಸುಣ್ಣ ತಗಲಿದೆ.

ಜೀವ ಉಳಿಯಿತು. ಐದನೆಯ ದಿನ ಮನೆಗೆ ಕಳಿಸುವಾಗ ಹನಿ ಔಷಧಿ ಕೊಟ್ಟು ಹೇಳಿದೆ, "ಹಾಕುವ ಮೊದಲು ಎರಡೂ ಹೊತ್ತು ಕಣ್ಣು ತೊಳೆಯಬೇಕು. ಬೇರೆ ನೀರು ಬೇಡ. ನಮ್ಮ ಡ್ರಮ್ಮಿನದೇ."

ಈಗಲೂ ಆ ವಾಕ್ಯ ನೆನಪಾದರೆ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಡುತ್ತೇನೆ.

ಹತ್ತು ದಿನ ಬಿಟ್ಟು ಬಂದಳು. ನೀಲಿ ದೀಪದಲ್ಲಿ ನೋಡಿದರೆ ಹಸಿರು ತೇಪೆ ಸಣ್ಣದಾಗುವ ಬದಲು ಅಗಲವಾಗಿತ್ತು, ಅಂಚು ಮಸುಕಾಗಿತ್ತು. ತಟ್ಟೆಯಲ್ಲಿ ಬೀಗದ ಕೈ, ಬಾಚಣಿಕೆ, ತೊಗರಿ ಕಾಯಿ, ದಾರದ ಉಂಡೆ, ಚಮಚ ತೋರಿಸಿದ್ದೆ. ಮೂರು ಹೇಳಿದಳು. ದಾರ ನೆನಪಾಗಲಿಲ್ಲ. ನಾನು ಮುಚ್ಚಿದ ಬಟ್ಟೆ ತೆಗೆದಾಗ ದಾರದ ಉಂಡೆಯನ್ನು ಕೈಗೆತ್ತಿಕೊಂಡಳು.

"ದಿನಾ ಕೈಯಾಗ ಹಿಡಿಯೂ ಸಾಮಾನದ ಹೆಸರ ಮರೀತಂದ್ರ ನನಗ ಏನಾಗ್ಯದ ಬಾಯಾರ? ಭಜನ್ಯಾಗ ಮೂರನೇ ನುಡಿಗಿ ನಿಂತ ಬಿಟ್ಟೆ. ಎಲ್ಲಾರೂ ನನ್ನ ಮಾರಿ ನೋಡಾಕತ್ತಿದ್ರು."

ನಾನು ಕೇಳಿದೆ, ದನಿಯಲ್ಲಿ ಟೀಚರು ಬಂದಿದ್ದಳು: "ಹೇಳಿದ ಹಾಗೆ ತೊಳೀತಾ ಇದೀಯಾ, ಖರೇ ಹೇಳು."

ಅವಳು ಎದ್ದು ನಿಂತಳು. "ಬಾಯಾರ, ನೀವ ಹೇಳೀರಂತ ಉರಿದ್ರೂ ಹಲ್ಲ ಕಚ್ಚಿ ತೊಳ್ಕೊಳ್ಳಾಕತ್ತೀನಿ. ನಮ್ಮ ಅತ್ತಿ ನೀವ ಬೈದ ದಿನದಿಂದ ಎಲಿ ಬಿಟ್ಟಾರ. ನಲವತ್ತ ವರ್ಷದ ಚಟ. ಊಟಾ ಸೇರವಲ್ದು ಅವರಿಗಿ. ಇನ್ನ ಏನ ಖರೇ ಹೇಳ್ಲಿ ನಾ?"

ಉರಿದರೂ ಎಂದಳು. ಶುದ್ಧ ನೀರಿಗೆ ಕಣ್ಣು ಹಾಗೆ ಉರಿಯುವುದಿಲ್ಲ. ಅತ್ತೆ ಎಲೆ ಬಿಟ್ಟ ಮೇಲೂ, ಕೈಯಲ್ಲಿ ಸುಣ್ಣ ಇಲ್ಲದೆಯೂ, ಉರಿಯುತ್ತಿದೆ. ಪಟ್ಟಿ ಮುಟ್ಟಿಸಿದೆ. ತುಸು ನೀಲಿ.

ಅವಳು ಬಂದಿದ್ದ ಗಾಡಿಯಲ್ಲೇ ಅವಳ ಜೊತೆ ಹಳ್ಳಿಗೆ ಹೊರಟೆ. ಸಿಸ್ಟರ್ ಪಟ್ಟಿಯ ಡಬ್ಬಿ ಹಿಡಿದು ಪಕ್ಕದಲ್ಲಿ ಕೂತಿದ್ದಳು.

ಹಳ್ಳಿಗೆ ಕೊಟ್ಟ ಡ್ರಮ್ಮು ಅವರದೇ ಅಂಗಳದ ಒಂದು ಮೂಲೆಯಲ್ಲಿ ಕಲ್ಲಿನ ಮೇಲಿತ್ತು. ತೊಳೆದ ಬಿಳಿ ಪಂಚೆ ಹೊದಿಸಿದ್ದರು. ನನ್ನ ಅಕ್ಷರಗಳ ಮೇಲೆ ಮೂರು ಬೆರಳಿನ ವಿಭೂತಿ. ಅತ್ತೆ ಪಂಚೆಯನ್ನು ಮೆಲ್ಲಗೆ ಸರಿಸಿದಳು. ಆಕೆಯ ಬಾಯಿ ಬೆಳ್ಳಗಿತ್ತು.

"ದನಾ ಮುಟ್ಟಂಗಿಲ್ಲ, ಹುಡುಗ್ರು ಮುಟ್ಟಂಗಿಲ್ಲ. ನನ್ನ ಮಗ ಒಂದಿನ ಕಾಲ ತೊಳ್ಕೊಳ್ಳಾಕ ಬಂದಿದ್ದ, ಬೈದ ಓಡ್ಸೀನಿ. ಹಿಡಿರಿ ಕೈ."

ಚರಿಗೆಯಲ್ಲಿ ತೆಗೆದು ನನ್ನ ಅಂಗೈಗೆ ಹೊಯ್ದಳು. ಬೆರಳಿಗೆ ಬೆರಳು ತಿಕ್ಕಿದೆ. ಜಾರಿತು. ಸಾಬೂನಿನ ನೀರಿನ ಹಾಗೆ, ನುಣ್ಣಗೆ.

"ಮೆತ್ತಗದ ನೋಡ್ರಿ," ಅಂದಳು ಅತ್ತೆ. "ನಿಮ್ಮ ದವಾ ಹಾಕೀರಲ್ಲ ಅದರಾಗ. ಸಾದಾ ನೀರ ಹಿಂಗ ಇರಂಗಿಲ್ಲ ಅಂತ ನಮಗ ಅವತ್ತೇ ಗೊತ್ತಾಗ್ಯದ. ಉರೀತದಂದ್ಳು ಇಕಿ. ದವಾ ಅಂದ ಮ್ಯಾಲ ಉರಿಯಂಗಿಲ್ಲೇನ ಹುಚ್ಚಿ, ತಡ್ಕೋ ಅಂದೆ."

"ವಾರಕ್ಕೊಮ್ಮೆ ನೀರು ಬದಲಿಸಿ ಅಂದಿದ್ದೆವಲ್ಲ?" ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು.

"ದವಾದ ನೀರ ಚೆಲ್ತಾರೇನ್ರಿ ಯಾರರ? ಕಡಿಮಿ ಆದಷ್ಟ ಮ್ಯಾಲ ತುಂಬಾಕತ್ತೀವಿ."

ಪಟ್ಟಿ ಅದ್ದಿದೆ. ಗಾಢ ನೀಲಿ. ಪಕ್ಕದಲ್ಲಿ ಅವರ ಮನೆಬಳಕೆಯ ಡ್ರಮ್ಮಿತ್ತು, ಇಂಥದ್ದೇ ನೀಲಿ ಡ್ರಮ್ಮು. ಅದರ ನೀರಿಗೆ ಅದ್ದಿದರೆ ಪಟ್ಟಿಯ ಬಣ್ಣ ಸರಿಯಾಗಿತ್ತು. ದಿನಾ ಬಳಸಿ, ದಿನಾ ಖಾಲಿಯಾಗಿ, ಆ ಡ್ರಮ್ಮು ಎಂದೋ ತೊಳೆದು ಶುದ್ಧವಾಗಿತ್ತು. ನಮ್ಮದನ್ನು ಯಾರೂ ಮುಟ್ಟದೆ, ಗೌರವದಿಂದ, ಹಾಗೇ ಕಾಪಾಡಿದ್ದರು. ಸಿಸ್ಟರ್ ಟಾರ್ಚ್ ಹಾಕಿ ಬಗ್ಗಿದಳು. ಡ್ರಮ್ಮಿನ ಕಂಠದ ಒಳಮಡಿಕೆಯಲ್ಲಿ ಬಿಳಿ ಪುಡಿ ಒಣಗಿ ಹೆಕ್ಕಳಿಕೆ ಕಟ್ಟಿತ್ತು. ಮೇಲೆ ಸುರಿದ ನೀರು ಪ್ರತಿ ಸಲ ಅದನ್ನು ಕರಗಿಸಿಕೊಂಡು ಕೆಳಗಿಳಿಯುತ್ತಿತ್ತು.

ಅತ್ತೆ ಕೇಳಿದ್ದು ಒಂದೇ ಮಾತು. "ಹಂಗಾರ ಸುಣ್ಣ ಅಲ್ಲೇನ್ರಿ?"

"ಅಲ್ಲ ಅಮ್ಮಾ. ನಿಮ್ಮ ಕೈಯಿಂದ ಏನೂ ಆಗಿಲ್ಲ. ಈ ಡ್ರಮ್ಮು ತಂದವಳು ನಾನು."

ಸೊಸೆ ನನ್ನನ್ನು ನೋಡಿದಳು, ಬಲಗಣ್ಣು ಅರ್ಧ ಮುಚ್ಚಿ. ಬೈದಿದ್ದರೆ ಚೆನ್ನಾಗಿತ್ತು. ಒಳಗೆ ಹೋಗಿ ಚಾಪೆ ತಂದು ಹಾಸಿದಳು, ಬಿಸಿಲಾಗ ನಿಂತೀರಿ ಕುಂಡ್ರಿ ಅಂತ.

ಡ್ರಮ್ಮು ಉರುಳಿಸಿ ಖಾಲಿ ಮಾಡಿದೆವು. ಸಂಜೆಯೊಳಗೆ ಉಳಿದ ಮೂರನ್ನೂ ನೋಡಿದೆವು. ಎರಡರಲ್ಲಿ ಪಟ್ಟಿ ನೀಲಿ, ಒಂದರಲ್ಲಿ ಸರಿ. ಆ ಎರಡು ಹಳ್ಳಿಗಳೇ ನಿಧಾನವಾಗಿ ಮಾಯ್ದ ಆ ಇಬ್ಬರ ಹಳ್ಳಿಗಳು. ಅವರಿಬ್ಬರ ಫಾರ್ಮಿನಲ್ಲೂ ನಾನು ಪೂರ್ ಕಂಪ್ಲಯನ್ಸ್ ಎಂದೇ ಬರೆದಿದ್ದೆ.

ಹುಮನಾಬಾದಿನಲ್ಲಿ ಇಳಿದವಳು ನೇರ ಅಂಗಡಿಗೆ ಹೋದೆ. ಜಗಳ ಮಾಡಲೆಂದೇ ಹೋಗಿದ್ದೆ, ಸುಳ್ಳೇಕೆ. ಅವನು ಗಾಬರಿಯಾದ. "ಸಾಬೂನಿಗಿ ಹಾಕೂ ಕಾಸ್ಟಿಕ್ ಸೋಡಾ ಬಂದಿದ್ದ ಡ್ರಮ್ಮು ಅಮ್ಮಾ ಅವು. ನೀರ ತುಂಬಾಕ ಅಂದ್ರಿ. ಬಳಸಾಕ ಅಂತ ತಿಳ್ಕೊಂಡೆ. ಬಳಸಿದ್ರ ನಾಕ ದಿನದಾಗ ತಾನೇ ಸಾಫ್ ಆಗ್ತದ. ಕುಡ್ಯಾಕ ಅಂದವರಿಗಿ ಉಪ್ಪಿನಕಾಯಿ ಬಂದಿದ್ದ ಡ್ರಮ್ಮು ಕೊಡ್ತೀನಿ. ಕಣ್ಣಿಗಿ ಅಂತ ನೀವು ಒಂದ ಮಾತ ಹೇಳ್ಬಾರದಿತ್ತೇನ್ರಿ?"

ಹೇಳಿರಲಿಲ್ಲ. ಅಂಗಡಿಯವನಿಗೆ ರಿಸರ್ಚ್ ಏನು ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಅವನಿಗೆ ಡ್ರಮ್ಮು ಗೊತ್ತಿತ್ತು.

ಮರುದಿನ ಬೆಳಿಗ್ಗೆ ವಿದ್ಯಾರ್ಥಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಲೆಕ್ಕ ಹಾಕಿದ.

"ಮ್ಯಾಮ್, ಮೂರೇ ಕೇಸು. ಪ್ರೋಟೋಕಾಲ್ ಡೀವಿಯೇಷನ್ ಅಂತ ಹಾಕಿ ಲೆಕ್ಕದಿಂದ ಹೊರಗಿಡೋಣ. ಸ್ಟೀಲ್ ಟ್ಯಾಂಕ್ ಮುಂದಿನ ತಿಂಗಳು ಖಂಡಿತ ಬರುತ್ತೆ. ಈಗ ನಿಲ್ಲಿಸಿದರೆ ಈ ಸೀಸನ್ ಪೂರ್ತಿ ಹೋಗುತ್ತೆ."

"ಅವರು ಡೀವಿಯೇಟ್ ಆಗಲೇ ಇಲ್ಲವಲ್ಲೋ," ಎಂದೆ. "ಅಕ್ಷರಶಃ ಹೇಳಿದ ಹಾಗೆ ತೊಳೆದಿದ್ದಾರೆ. ತೊಳೆದದ್ದಕ್ಕೇ ಕಣ್ಣು ಕೆಟ್ಟಿದೆ."

"ಎಥಿಕ್ಸ್ ಕಮಿಟಿಗೆ ಬರೆದರೆ ನಿಮ್ಮ ಹೆಸರು ಬರುತ್ತೆ ಮ್ಯಾಮ್. ಈ ವಯಸ್ಸಿನಲ್ಲಿ ನಿಮಗೆ ಯಾಕೆ..."

ಪ್ರೀತಿಯಿಂದಲೇ ಹೇಳಿದ. ನಾನು ಕಿಟಕಿಯಾಚೆ ಗುಲಾಬಿಗಳನ್ನು ನೋಡುತ್ತಿದ್ದೆ. ಕಾನ್ವೆಂಟಿನಲ್ಲಿ ನಮಗೆ ರಬ್ಬರು ಇಟ್ಟುಕೊಳ್ಳಲು ಬಿಡುತ್ತಿರಲಿಲ್ಲ. ತಪ್ಪಾದರೆ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿ ಬರೆಯಬೇಕು. ಮೊದಲು ಏನು ಬರೆದಿದ್ದೆ ಎಂದು ನನಗೆ ಕಾಣಬೇಕು ಎನ್ನುತ್ತಿದ್ದರು ನಮ್ಮ ಕ್ಲಾಸಿನ ಮದರ್. ಎಷ್ಟು ಅಳುತ್ತಿದ್ದೆ ಆ ಗೆರೆ ನೋಡಿ, ಪುಟ ಕೊಳಕಾಯಿತೆಂದು!

"ಬರೀತೀನಿ," ಎಂದೆ. "ನೀನು ನಿಲ್ಲಿಸು."

ಪತ್ರ ಅಂದೇ ಹೋಯಿತು. ಸ್ಟಡಿ ನಿಂತಿತು. ಅವನು ಕೆಲವು ವಾರ ನನಗೆ ಫೋನ್ ಮಾಡಲಿಲ್ಲ. ಆದರೆ ಆ ಹಾಡುವ ಹೆಣ್ಣುಮಗಳಿಗೆ ದೊಡ್ಡ ಆಸ್ಪತ್ರೆಯಲ್ಲಿ ಬೇಗ ಹಾಸಿಗೆ ಸಿಗುವ ಹಾಗೆ ಮಾಡಿದವನು ಅವನೇ. ಅಲ್ಲಿ ಕಣ್ಣಿನ ಮೇಲೆ, ಹೆರಿಗೆಯಾದಾಗ ಗರ್ಭಚೀಲದಿಂದ ತೆಗೆದಿಟ್ಟ ತೆಳ್ಳನೆಯ ಜೀವಪೊರೆ ಹೊಲಿದರು, ಕೆಳಗೆ ಗಾಯ ಮುಚ್ಚಿಕೊಳ್ಳಲೆಂದು. ನಾನು ವಾರಕ್ಕೆರಡು ಸಲ ಹಳ್ಳಿಗೆ ಹೋಗಿ ನೋಡಿ ಬರುತ್ತಿದ್ದೆ. ಹಸಿರು ತೇಪೆ ರೂಪಾಯಿಯಿಂದ ಬಟಾಣಿಯಾಯಿತು, ಬಟಾಣಿಯಿಂದ ಎಳ್ಳಾಯಿತು. ಒಂದು ದಿನ ನೀಲಿ ದೀಪ ಹಾಕಿದಾಗ ಏನೂ ಹೊಳೆಯಲಿಲ್ಲ. ಕಪ್ಪು. ಅಷ್ಟು ಸುಂದರವಾದ ಕಪ್ಪನ್ನು ನಾನು ನೋಡಿಲ್ಲ.

ಪೂರ್ತಿ ಸರಿಯಾಯಿತೆಂದು ಹೇಳಲಾರೆ. ಕಣ್ಣಿನ ಕೆಳಭಾಗದಲ್ಲಿ ಮಂಜು ಹಿಡಿದ ಗಾಜಿನಂಥ ಒಂದು ಕಲೆ ಉಳಿದಿದೆ. ದೃಷ್ಟಿ ಪರೀಕ್ಷೆಯ ಬೋರ್ಡಿನ ಕೊನೆಯ ಎರಡು ಸಾಲು ಅವಳಿಗೆ ಇನ್ನು ಕಾಣುವುದಿಲ್ಲ. ಅದರಲ್ಲಿ ಔಷಧಿಯ ಪಾಲೆಷ್ಟು, ನನ್ನ ಡ್ರಮ್ಮಿನ ಪಾಲೆಷ್ಟು ಎಂದು ಯಾವ ಸ್ಟಡಿಯೂ ಬಿಡಿಸಿ ಹೇಳಲಾರದು.

ಕೊನೆಯ ಫಾಲೋ ಅಪ್ಪಿಗೆ ಅತ್ತೆ ಸೊಸೆ ಇಬ್ಬರೂ ಬಸವಕಲ್ಯಾಣದ ಕೋಣೆಗೆ ಬಂದರು. ಸಾಮಾನೆಲ್ಲ ಪ್ಯಾಕ್ ಮಾಡಿ, ತಟ್ಟೆ ಮತ್ತು ಫೈಲು ಮಾತ್ರ ಹೊರಗಿಟ್ಟಿದ್ದೆವು. ಐದು ಸಾಮಾನು ತೋರಿಸಿ ಮುಚ್ಚಿ, ಹತ್ತು ನಿಮಿಷ ಬಿಟ್ಟು ಕೇಳಿದೆ.

"ದಾರ," ಅಂದಳು ಮೊದಲಿಗೇ. ಆಮೇಲೆ ಬೀಗದ ಕೈ, ತೊಗರಿ, ಬಾಚಣಿಕೆ. ಐದನೆಯದಕ್ಕೆ ಬಹಳ ಹೊತ್ತು ಯೋಚಿಸಿ ಕೈ ಬಿಟ್ಟಳು. "ಇರ್ಲಿ ಬಿಡ್ರಿ, ನಾಕ ಸಾಕು."

"ಸೂಜಿಗೆ ಪೋಣಿಸಾಕ ಬರ್ತದ?" ಸಿಸ್ಟರ್ ಕೇಳಿದಳು.

"ಹಿಂದ ಬಿಳಿ ಅರಿವಿ ಹಿಡಿದ್ರ ಬರ್ತದ. ಮೊದಲ ಒಂದ ಸಲಕ್ಕ ಹೋಗ್ತಿತ್ತು, ಈಗ ಮೂರ ಸಲ ಬೇಕು."

ಫೈಲು ತೆರೆದು ಅವಳ ಫಾರ್ಮಿನ ಆ ಪುಟ ತೆಗೆದೆ. ನಾನು ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ. ಹೇಳದಿದ್ದರೆ ಅವರಿಗೆ ತಿಳಿಯುತ್ತಲೇ ಇರಲಿಲ್ಲ. ಅತ್ತೆ ತಲೆ ತಗ್ಗಿಸಿ ಕೇಳಿದಳು. ನಾನು ಎರಡೂ ವಾಕ್ಯಗಳ ಮೇಲೆ ಒಂದೊಂದು ಗೆರೆ ಎಳೆದೆ.

ಸೊಸೆ ಬಗ್ಗಿ, ಬಲಗಣ್ಣನ್ನು ಕಾಗದಕ್ಕೆ ಹತ್ತಿರ ತಂದು ನೋಡಿದಳು. "ಇನ್ನಾ ಕಾಣಾಕತ್ತದಲ್ರಿ. ಪೂರಾ ಅಳಸಿ ಬಿಡ್ರಿ."

"ಅಳಿಸೋ ಹಾಗಿಲ್ಲವ್ವಾ. ರಿಸರ್ಚಿನಲ್ಲಿ ರೂಲ್ ಹಾಗೆ. ಮೊದಲು ಬರೆದ ತಪ್ಪು ಓದೋಕೆ ಬರೋ ಹಾಗೇ ಇರಬೇಕು."

ಅವಳು ತುಸು ಹೊತ್ತು ಆ ಗೆರೆಯನ್ನೇ ನೋಡಿದಳು. "ಹಂಗಾರ ತಪ್ಪ ಯಾರದಂತ ಬಾಜೂಕ ಬರೀರಿ. ಕನ್ನಡದಾಗ ಬರೀರಿ, ನಾ ಓದ್ತೀನಿ."

ಅತ್ತೆ ಸೊಂಟದಿಂದ ಎಲೆಯ ಸಂಚಿ ಬಿಚ್ಚಿದಳು. ಒಂದು ಎಲೆ ತೆಗೆದು ತೊಡೆಯ ಮೇಲೆ ಒರೆಸಿ, ಬೆರಳ ತುದಿಯಿಂದ ಸುಣ್ಣ ಹಚ್ಚಿ, ನನ್ನ ಕಡೆ ಒಮ್ಮೆ ನೋಡಿ ಬಾಯಿಗಿಟ್ಟುಕೊಂಡಳು. ನಾನು ಪೆನ್ನು ಎತ್ತಿ, ಮಾರ್ಜಿನ್ನಿನಲ್ಲಿ, ಆ ಕಣ್ಣಿಗೆ ಕಾಣುವಷ್ಟು ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ ಸಹಿ ಹಾಕಿದೆ. ಅವಳು ಬೆರಳಿಟ್ಟು ಒಂದೊಂದೇ ಪದ ಓದಿದಳು.

"ಇವರು ಸರಿಯಾಗಿ ತೊಳೆದಿದ್ದರು. ನೀರು ನಮ್ಮದು."